ಹಿಡಿಕೆ ಅಂಗಡಿಯಲ್ಲಿ ಚಿಕ್ಕಮ್ಮ

ನನ್ನ ಚಿಕ್ಕಮ್ಮನ ಜೊತೆ ಪೇಟೆಗೆ ಹೊರಡುವವರು ಹೊಟ್ಟೆ ತುಂಬ ತಿಂದು, ಗಟ್ಟಿ ಚಪ್ಪಲಿ ಮೆಟ್ಟಿಕೊಂಡು ಹೊರಡಬೇಕು. ಸೂಜಿ ತರುತ್ತೇನೆಂದು ಹೋಗುತ್ತಾಳೆ. ಬರುವಾಗ ಅವಳ ಕೈಯಲ್ಲಿ ಸೂಜಿಯೂ ಇರುವುದಿಲ್ಲ, ಜೊತೆಗೆ ಹೋದವರ ಕಾಲಲ್ಲಿ ಜೀವವೂ ಇರುವುದಿಲ್ಲ. ನಾನು ಕಾರು ಓಡಿಸುವುದನ್ನು ಕಲಿಸುವವಳು. ದಿನವಿಡೀ ಕಲಿಯುವವರ ಪಕ್ಕದಲ್ಲಿ ಕೂತು, ನನ್ನ ಕಡೆಗೊಂದು ಬೇರೆ ಬ್ರೇಕು ಇಟ್ಟುಕೊಂಡು, "ಮುಂದೆ ನೋಡಿ ಸ್ವಾಮೀ, ಮುಂದೆ!" ಎಂದು ಗಂಟಲು ಹರಿದುಕೊಳ್ಳುವುದು ನನ್ನ ಹೊಟ್ಟೆಪಾಡು. ಮುಂದೆ ಒಂದನ್ನು ಬಿಟ್ಟು ಉಳಿದೆಲ್ಲ ದಿಕ್ಕನ್ನೂ ನೋಡಿಕೊಂಡು ನಡೆಯುವ ಹೆಂಗಸು ನನ್ನ ಮನೆಯಲ್ಲೇ ಇರಬೇಕೇ? ಇದ್ದಾಳೆ. ಅಮ್ಮನ ಬೆನ್ನಿಗೆ ಹುಟ್ಟಿದ ತಂಗಿ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, "ಆಗೋಣ ಅಂತಾನೇ ಇದ್ದೆ, ದಾರೀಲಿ ಏನೋ ನೋಡ್ತಾ ನಿಂತುಬಿಟ್ಟೆ" ಎನ್ನುತ್ತಾಳೆ. ನಮ್ಮ ಮನೆಯ ಮುಂದಿನ ಕೋಣೆ ಅವಳದು.

ಅವಳು ಕೆಲಸ ಮಾಡಿದ್ದು ದೊಡ್ಡಾಸ್ಪತ್ರೆಯಲ್ಲಿ, ಟೆಲಿಫೋನ್ ಆಪರೇಟರಾಗಿ. ಮೆಟ್ಟಿಲ ಕೆಳಗಿನ, ಕಿಟಕಿಯಿಲ್ಲದ ಕೋಣೆ. ಹೊರಗಿನಿಂದ ಬಂದ ಕರೆಯನ್ನು ಎತ್ತಿ, ಯಾರಿಗೆ ಸೇರಬೇಕೋ ಅವರಿಗೆ ಜೋಡಿಸುವುದು ಕೆಲಸ. ಉಳಿದ ಆಪರೇಟರುಗಳು ಕೇಳಿದ ಕಡೆಗೆ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಇವಳು ಹಾಗಲ್ಲ. ಯಾರಾದರೂ ಕಣ್ಣಿನ ಡಾಕ್ಟರು ಬೇಕು ಎಂದರೆ, "ಯಾಕಮ್ಮ, ಏನಾಯ್ತು?" ಎಂದು ವಿಚಾರಿಸಿ, ಅವರ ಕಥೆಯನ್ನೆಲ್ಲ ಕೇಳಿಸಿಕೊಂಡು, "ನಿಮಗೆ ಬೇಕಾಗಿರೋದು ಕಣ್ಣಿನವರಲ್ಲ, ನರದವರು. ಒಂದ್ನಿಮಿಷ ಇರಿ" ಎಂದು ಅಲ್ಲಿಗೆ ಜೋಡಿಸುತ್ತಿದ್ದಳು. ಇದಕ್ಕಾಗಿ ಮೇಲಿನವರಿಂದ ಬೈಸಿಕೊಂಡದ್ದುಂಟು. ಜನ ಅವಳ ದನಿಯನ್ನು ಗುರುತಿಟ್ಟುಕೊಂಡು, ಬೇರೆಯವರು ಎತ್ತಿದರೆ ಇಟ್ಟುಬಿಟ್ಟು ಮತ್ತೆ ಮತ್ತೆ ಮಾಡುತ್ತಿದ್ದದ್ದೂ ಉಂಟು.

ಸಂಜೆ ಆ ಗೂಡಿನಿಂದ ಹೊರಬಿದ್ದರೆ ಕಣ್ಣಿಗೆ ಏನಾದರೂ ಬೇಕು ಅನ್ನಿಸುತ್ತಿತ್ತಂತೆ. ಆಸ್ಪತ್ರೆಯ ಹಿಂದೆಯೇ ಹಳೇ ಪೇಟೆ. ಅಲ್ಲಿ ಶುರುವಾದ ಅಂಗಡಿ ಸುತ್ತುವ ಚಟ, ನಿವೃತ್ತಿಯಾದ ಮೇಲೆ ಸಂಜೆಯನ್ನು ದಾಟಿ ಇಡೀ ದಿನವನ್ನು ನುಂಗಿಹಾಕಿತು. ಹೊಳೆಯುವ ಗಾಜಿನ ಮಾಲುಗಳ ಕಡೆ ಅವಳು ತಲೆ ಹಾಕಿಯೂ ಮಲಗುವುದಿಲ್ಲ. ಅವಳಿಗೆ ಬೇಕಾದದ್ದು, ಇಂಥದ್ದಕ್ಕೂ ಒಂದು ಅಂಗಡಿಯೇ ಎಂದು ನಾವು ನೀವು ಬಾಯಿ ಬಿಡುವಂಥ ಅಂಗಡಿಗಳು.

ಅಂಥವು ನಮ್ಮ ನಗರದಲ್ಲಿ ಎಷ್ಟಿವೆ ಎಂದು ನನಗೆ ಗೊತ್ತಾದದ್ದೇ ಅವಳಿಂದ. ನಾಟಕದವರಿಗೆ ಗಡ್ಡ ಮೀಸೆ ಮಾರುವ ಅಂಗಡಿಯೊಂದಿದೆ. ಅದರ ಮಾಲೀಕನ ಮುಖದಲ್ಲಾಗಲಿ ತಲೆಯಲ್ಲಾಗಲಿ ಒಂದು ಕೂದಲಿಲ್ಲ. ಬಾಟಲಿಗಳಿಗೆ ಬಿರಡೆ ಮಾತ್ರ ಮಾರುವವನಿದ್ದಾನೆ. ಸಾಸರು ಒಡೆದುಹೋಗಿ ಒಂಟಿಯಾದ ಕಪ್ಪುಗಳನ್ನಷ್ಟೇ ಇಟ್ಟುಕೊಂಡ ಗಂಡ ಹೆಂಡತಿ ಇದ್ದಾರೆ, ಅವರಿಬ್ಬರೂ ದಿನವಿಡೀ ಜಗಳವಾಡುತ್ತಾರೆ. ಗೊಂಬೆಗಳಿಗೆ ಕೈಕಾಲು ಜೋಡಿಸುವ ಹೆಂಗಸು ತನ್ನ ಬಾಗಿಲಲ್ಲಿ "ರೋಗಿಗಳನ್ನು ತಲೆಕೆಳಗಾಗಿ ಹಿಡಿದು ತರಬೇಡಿ" ಎಂದು ಬೋರ್ಡು ಹಾಕಿದ್ದಾಳೆ. ಹಳೇ ಕಾಲದ ಕನ್ನಡಕದ ಫ್ರೇಮುಗಳನ್ನು ಮಾರುವವರು ಒಂದು ಮಹಡಿಯ ಮೇಲಿದ್ದಾರೆ. ಅಲ್ಲಿಗೆ ಹೋಗುವ ಮೆಟ್ಟಿಲು ಕಡಿದು, ಕತ್ತಲು. ಕಣ್ಣು ಸರಿಯಿಲ್ಲದವರೇ ಬರಬೇಕಾದ ಅಂಗಡಿಗೆ ಅಂಥ ಮೆಟ್ಟಿಲು! ಇವುಗಳ ನಡುವೆ ಈಚೆಗೆ ಬುಟೀಕುಗಳೂ ಎದ್ದಿವೆ. ಒಂದರಲ್ಲಿ ಮೂರೇ ಮೂರು ಉಡುಪು, ಮೂವತ್ತು ದೀಪ, ಮತ್ತು ಒಳಗೆ ಬಂದವರನ್ನು ತಪ್ಪು ಮಾಡಿದವರಂತೆ ನೋಡುವ ಒಬ್ಬ ಹುಡುಗಿ. ಚಿಕ್ಕಮ್ಮ ಅಲ್ಲಿಗೂ ಹೋಗುತ್ತಾಳೆ. ಆ ಹುಡುಗಿಯೂ ಈಗ ಅವಳಿಗೆ ಕುರ್ಚಿ ಹಾಕುತ್ತಾಳೆ.

ಎಲ್ಲರಿಗೂ ಅವಳು "ನೋಡೋ ಅಕ್ಕ". ಏನನ್ನೂ ಕೊಳ್ಳುವುದಿಲ್ಲ, ನೋಡುತ್ತಾಳೆ. ಜಿಪುಣಿ ಎಂದುಕೊಳ್ಳಬೇಡಿ. "ಕೊಂಡರೆ ಅದು ಮನೆಗೆ ಬಂದುಬಿಡುತ್ತೆ ಕಣೇ, ಅಂಗಡೀಲಿ ಇರಲ್ಲ" ಎಂಬುದು ಅವಳ ವಾದ. ಈ ವಾದವನ್ನು ಮೊದಲ ಸಲ ಕೇಳಿದಾಗ ನನಗೆ ತಲೆ ಗಿರ್ರೆಂದಿತ್ತು. ಅಂಗಡಿಯವರು ಮಾತ್ರ ಬೇಸರಿಸುತ್ತಿರಲಿಲ್ಲ. ಯಾಕೆಂದರೆ ಬೀದಿಯಲ್ಲಿ ಯಾರಾದರೂ ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದರೆ ಚಿಕ್ಕಮ್ಮ ತಾನಾಗಿ ಹೋಗಿ, "ಏನು ಹುಡುಕ್ತಿದೀರಾ?" ಎಂದು ಕೇಳಿ, ಸರಿಯಾದ ಬಾಗಿಲಿಗೆ ಮುಟ್ಟಿಸಿ ಬರುತ್ತಿದ್ದಳು.

ಆ ಅಂಗಡಿಗಳಲ್ಲಿ ಅವಳ ಜೀವ ಇದ್ದದ್ದು ಮೂಲೆಯ ಹಿಡಿಕೆ ಅಂಗಡಿಯಲ್ಲಿ. ಅಲ್ಲಿ ಹಿಡಿಕೆ ಬಿಟ್ಟು ಬೇರೇನೂ ಇಲ್ಲ. ಬಾಗಿಲಿನ ಹಿಡಿ, ಡ್ರಾಯರಿನ ಗುಂಡಿ, ಛತ್ರಿಯ ಕೊಕ್ಕೆ, ಸೂಟ್‌ಕೇಸಿನ ಹಿಡಿ, ಕೆಟಲಿನ ಹಿಡಿ. ಹಿತ್ತಾಳೆಯವು, ಮರದವು, ಪಿಂಗಾಣಿಯವು. ಗೋಡೆಯ ತುಂಬ ಸಣ್ಣ ಸಣ್ಣ ಡ್ರಾಯರುಗಳು, ಒಂದೊಂದಕ್ಕೂ ಒಳಗಿರುವ ಹಿಡಿಕೆಯದೇ ಒಂದು ಮಾದರಿ ಹೊರಗೆ ಹಾಕಿದೆ, ಹೆಸರು ಬರೆಯುವ ಗೋಜೇ ಇಲ್ಲ. ಯಜಮಾನರು ಮುದುಕರು, ಒಬ್ಬಂಟಿ, ಮಾತು ಕಡಿಮೆ. ಗಿರಾಕಿ ಬಂದರೆ ಏನು ಬೇಕು ಎಂದು ಮೊದಲು ಕೇಳುವುದಿಲ್ಲ. "ಕೈ ಕೊಡಿ" ಎನ್ನುತ್ತಾರೆ. ಅಂಗೈಯನ್ನು ಒಮ್ಮೆ ಒತ್ತಿ, ಬೆರಳುಗಳನ್ನು ಮಡಿಸಿ ನೋಡಿ, ಆಮೇಲೆ ಯಾವುದೋ ಡ್ರಾಯರು ಎಳೆದು ಒಂದು ಹಿಡಿಕೆಯನ್ನು ಆ ಕೈಯಲ್ಲಿಡುತ್ತಾರೆ. "ಕಣ್ಣು ಮುಚ್ಚಿ ಹಿಡೀರಿ. ಹಿಡಿಕೆ ಕಣ್ಣಿಗಲ್ಲ, ಕೈಗೆ."

ಒಂದು ದಿನ ಅವರು ಚಿಕ್ಕಮ್ಮನನ್ನು ಕೂರಿಸಿಕೊಂಡು ವಿಷಯ ಹೇಳಿದರು. ಅವರಿಗೆ ಮಂಡಿಯ ಆಪರೇಷನ್ ಆಗಬೇಕಿತ್ತು. ಅದಾದ ಮೇಲೆ ಅಂಗಡಿಯಲ್ಲಿ ನಿಂತು ಏಗುವುದು ಸಾಧ್ಯವಿಲ್ಲ. ಇರುವ ಒಬ್ಬ ಮಗಳಿಗೆ ಈ ವ್ಯಾಪಾರ ಬೇಡ. ಮೂಲೆಯ ಜಾಗ, ಒಳ್ಳೆಯ ಬಾಡಿಗೆ ಬರುತ್ತದೆ, ಕೊಟ್ಟುಬಿಡೋಣ ಎಂದು ಅವಳು ಹೇಳುತ್ತಿದ್ದಳು. ಅಪ್ಪ ಮಗಳು ವಾದ ಮಾಡಿ ಮಾಡಿ ಕೊನೆಗೊಂದು ರಾಜಿಗೆ ಬಂದಿದ್ದರು.

"ನಾನು ಆಸ್ಪತ್ರೆಯಿಂದ ಬರೋ ತನಕ ನೀವು ಅಂಗಡಿ ನೋಡ್ಕೊಳ್ಳಿ" ಎಂದರಂತೆ ಯಜಮಾನರು. "ನಡೆಸೋಕೆ ಆಗುತ್ತೆ ಅಂತ ನನ್ನ ಮಗಳಿಗೆ ಕಂಡ್ರೆ ಅಂಗಡಿ ನಿಮಗೇ, ಸಾಮಾನು ಸಮೇತ. ಆಗಲ್ಲ ಅಂದ್ರೆ ಜಾಗ ಬಾಡಿಗೆಗೆ ಹೋಗುತ್ತೆ, ಹಿಡಿಕೆಗಳು ಗುಜರಿಗೆ ಹೋಗುತ್ವೆ."

"ನಾನೇ ಯಾಕೆ?" ಎಂದು ಚಿಕ್ಕಮ್ಮ ಕೇಳಿದಳಂತೆ.

"ಬೇರೆಯವರು ನೋಡಿದ್ದನ್ನ ಎಲ್ಲೆಂದರಲ್ಲಿ ಇಟ್ಟು ಹೋಗ್ತಾರೆ. ನೀವು ತೆಗೆದ ಜಾಗದಲ್ಲೇ ಇಡ್ತೀರಿ. ಇಷ್ಟು ವರ್ಷದಲ್ಲಿ ಒಂದ್ಸಲಾನೂ ತಪ್ಪಿಲ್ಲ."

ಮನೆಗೆ ಬಂದ ಚಿಕ್ಕಮ್ಮ ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಗೆ ನುಗ್ಗಿದಳು. "ಅಕ್ಕಾ, ನನಗೊಂದು ಅಂಗಡಿ ಸಿಕ್ಕರೂ ಸಿಗಬಹುದು" ಎಂದಳು. ಅಮ್ಮ ಒಲೆ ಸಣ್ಣ ಮಾಡಿ ತಂಗಿಯ ಮುಖ ನೋಡಿದಳು. ನಾನೂ ನೋಡಿದೆ. ಅಷ್ಟು ಆಸೆ ತುಂಬಿದ ಮುಖವನ್ನು ಆ ವಯಸ್ಸಿನವರಲ್ಲಿ ನಾನು ಕಂಡಿರಲಿಲ್ಲ. ಈ ಹೆಂಗಸು ಊರೆಲ್ಲ ಸುತ್ತುತ್ತಿದ್ದದ್ದು ಬರೀ ಹೊತ್ತು ಕಳೆಯಲಿಕ್ಕಲ್ಲ, ಇವಳಿಗೆ ಒಂದು ಅಂಗಡಿ ಬೇಕಿತ್ತು ಎಂದು ಆಗ ನನಗೆ ಹೊಳೆಯಿತು. ಹಾಗಾದರೆ ಸಿಗಲೇಬೇಕು ಎಂದು ನಾನು ಅಲ್ಲೇ ಹಟ ಹಿಡಿದೆ. ಅದೃಷ್ಟಕ್ಕೆ ನನ್ನ ಬಳಿ ಕಲಿಯುತ್ತಿದ್ದ ಮಹಾನುಭಾವನೊಬ್ಬ ನಮ್ಮ ಕಾರನ್ನು ಆ ವಾರವೇ ಗೋಡೆಗೆ ಪರಿಚಯ ಮಾಡಿಸಿದ್ದ. ಕಾರು ಗ್ಯಾರೇಜಿನಲ್ಲಿ, ನಾನು ಮನೆಯಲ್ಲಿ. ಚಿಕ್ಕಮ್ಮನ ಜೊತೆ ಅಂಗಡಿಗೆ ಹೊರಟೆ.

ಮೊದಲ ಗಿರಾಕಿ ಒಬ್ಬ ಮೇಷ್ಟ್ರು. ಜೇಬಿನಿಂದ ಬಾಗಿಲಿನ ಗುಂಡಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟು, "ಇಂಥದ್ದೇ ಕೊಡಿ, ಪದೇ ಪದೇ ಕಿತ್ತು ಬರುತ್ತೆ" ಎಂದರು. ಅಂಥದ್ದು ನನ್ನ ಕಣ್ಣೆದುರಿಗೇ ಇತ್ತು. ನಾನು ಡ್ರಾಯರಿಗೆ ಕೈ ಹಾಕುವಷ್ಟರಲ್ಲಿ ಚಿಕ್ಕಮ್ಮ ಸ್ಟೂಲು ಎಳೆದು ಅವರನ್ನು ಕೂರಿಸಿ, "ಯಾಕೆ ಕಿತ್ತು ಬರುತ್ತೆ?" ಎಂದು ಶುರು ಮಾಡಿದಳು.

"ಜೋರಾಗಿ ಎಳೀಬೇಕಲ್ಲ."

"ಯಾಕೆ ಜೋರಾಗಿ ಎಳೀಬೇಕು?"

"ಬಾಗಿಲು ಕೆಳಗಡೆ ಉಜ್ಜುತ್ತೆ."

"ನೋಡಿದ್ರಾ! ನಿಮಗೆ ಬೇಕಾಗಿರೋದು ಗುಂಡಿ ಅಲ್ಲ, ಬಡಗಿ. ಬಿರಡೆ ಅಂಗಡಿ ಹಿಂದೆ ಒಬ್ಬರಿದ್ದಾರೆ, ನಾನು ಹೇಳಿದೆ ಅನ್ನಿ. ಈ ಗುಂಡೀನೇ ವಾಪಸ್ ಹಾಕ್ಕೊಳ್ಳಿ, ಗಟ್ಟಿಯಾಗಿದೆ."

ಮೇಷ್ಟ್ರು ಸಂತೋಷದಿಂದ ಎದ್ದು ಹೋದರು. ಚಿಕ್ಕಮ್ಮನೂ ಸಂತೋಷದಿಂದ ನನ್ನ ಕಡೆ ತಿರುಗಿದಳು. ನಾನು ಡ್ರಾಯರಿನಲ್ಲಿ ಕೈ ಇಟ್ಟುಕೊಂಡು ಹಾಗೇ ನಿಂತಿದ್ದೆ.

"ಚಿಕ್ಕಮ್ಮ, ನಾವು ಇಲ್ಲಿ ಮಾರೋಕೆ ಕೂತಿರೋದು."

"ಹೌದಲ್ವಾ" ಎಂದಳು, ತನ್ನ ತಪ್ಪು ಅರಿವಾದವಳಂತೆ. "ಮುಂದಿನವರಿಗೆ ಮಾರೋಣ."

ಮುಂದಿನವಳು ಸೂಟ್‌ಕೇಸಿನ ಹಿಡಿ ಕೇಳಿಕೊಂಡು ಬಂದ ಕಾಲೇಜು ಹುಡುಗಿ. ಅವಳ ಸೂಟ್‌ಕೇಸಿನ ಹೊಲಿಗೆಯೇ ಬಿಟ್ಟಿತ್ತು ಎಂದು ಪತ್ತೆಯಾಗಿ, ಅವಳು ಬ್ಯಾಗು ರಿಪೇರಿಯವನ ಕಡೆ ಹೋದಳು. ಆಮೇಲೆ ಬಂದವಳು ಮೂರು ಉಡುಪಿನ ಬುಟೀಕಿನ ಹುಡುಗಿ. ಬಟ್ಟೆ ಹಾಕಿ ನೋಡುವ ಗೂಡಿನ ಬಾಗಿಲಿಗೆ ಅವಳಿಗೆ ಹಿತ್ತಾಳೆಯ ಹಿಡಿ ಬೇಕಾಗಿತ್ತು. ಈ ಸಲ ನಾನೇ ಮುಂದೆ ಬಿದ್ದು ಒಂದು ಜೋಡಿ ಆರಿಸಿ, ಕಾಗದದಲ್ಲಿ ಸುತ್ತಿ, ದಾರವನ್ನೂ ಕಟ್ಟಿಬಿಟ್ಟೆ. ಇನ್ನೇನು ಅವಳ ಕೈಗೆ ಕೊಡಬೇಕು, ಚಿಕ್ಕಮ್ಮ ಒಳಗಿನಿಂದ ಬಂದು, "ಆ ಗೂಡಿಗೆ ಬಾಗಿಲು ಯಾಕೆ ಮಗಳೇ? ಒಳಗೆ ಮೊಣಕೈ ಎತ್ತೋಕೆ ಜಾಗ ಇಲ್ಲ. ಬಾಗಿಲು ತೆಗೆದು ಒಂದು ಪರದೆ ಹಾಕು, ಜನ ಆರಾಮಾಗಿ ಹಾಕ್ಕೊಂಡು ನೋಡ್ತಾರೆ" ಎಂದಳು. ಹುಡುಗಿ ಯೋಚಿಸಿ, ಹೌದೆಂದು, ಪರದೆ ಬಟ್ಟೆಯ ಅಂಗಡಿ ಯಾವ ಕಡೆಗೆ ಎಂದು ಕೇಳಿದಳು. ನಾನು ಹಲ್ಲು ಕಡಿದುಕೊಂಡು ದಾರ ಬಿಚ್ಚಿದೆ.

ದಿನಗಳು ಹೀಗೇ ಉರುಳಿದವು. ಬಂದವರಿಗೆಲ್ಲ ಚಹಾ, ವಿಚಾರಣೆ, ಆಮೇಲೆ ಬೇರೆ ಅಂಗಡಿಯ ದಾರಿ. ಆ ಪೇಟೆಯ ಬಡಗಿ, ದರ್ಜಿ, ಬ್ಯಾಗಿನವನು, ಬೆಸುಗೆಯವನು ಎಲ್ಲರಿಗೂ ಕೈತುಂಬ ಕೆಲಸ. ನಾವು ನೊಣ ಹೊಡೆಯುತ್ತಿದ್ದೆವು. "ನಿನ್ನನ್ನ ಅಂಗಡೀಲಿ ಕೂರಿಸೋದೂ ಒಂದೇ, ಅಂಗಡಿ ಮುಚ್ಚೋದೂ ಒಂದೇ" ಎಂದು ನಾನು ರೇಗಿದರೆ, "ನಾಳೆಯಿಂದ ಬಾಯಿ ಬಿಡಲ್ಲ ಕಣೇ" ಎಂದು ನನ್ನ ಗಲ್ಲ ಮುಟ್ಟಿ ಹೇಳುತ್ತಿದ್ದಳು. ಮಾರನೆಯ ದಿನ ಯಾರೋ ಬಾಗಿಲಲ್ಲಿ ನಿಂತು "ಅಮ್ಮಾ, ಇದು ಎಲ್ಲಿ ಸಿಗುತ್ತೆ?" ಎಂದರೆ ಸಾಕು, ಆಣೆ ಪ್ರಮಾಣ ಎಲ್ಲ ಗಾಳಿಗೆ.

ಆದರೆ ಒಂದು ಬೆಳಿಗ್ಗೆ ನಡೆದದ್ದನ್ನು ಹೇಳದಿದ್ದರೆ ಅವಳಿಗೆ ಅನ್ಯಾಯವಾಗುತ್ತದೆ. ಒಬ್ಬ ಅಜ್ಜಿ ಕೆಟಲು ಹಿಡಿದುಕೊಂಡು ಬಂದಿದ್ದಳು. ಹಿಡಿಗೆ ಬಟ್ಟೆ ಸುತ್ತಿ ಸುತ್ತಿ ಅದು ಕೂಸಿನ ತಲೆಯಷ್ಟಾಗಿತ್ತು. ಅಜ್ಜಿಯ ಬೆರಳ ಗಂಟುಗಳು ಊದಿಕೊಂಡಿದ್ದವು. ಚಿಕ್ಕಮ್ಮ ಅವಳ ಪಕ್ಕದಲ್ಲೇ ಕುಳಿತು, "ಕೈ ಕೊಡಿ ಅಜ್ಜಿ" ಎಂದಳು. ಆ ಕೈಯನ್ನು ತನ್ನ ಎರಡು ಕೈಗಳ ನಡುವೆ ತುಂಬ ಹೊತ್ತು ಇಟ್ಟುಕೊಂಡಿದ್ದಳು. ಬೆರಳುಗಳು ಎಲ್ಲಿಯ ತನಕ ಮಡಿಯುತ್ತವೆ, ಎಲ್ಲಿ ನೋಯುತ್ತವೆ ಎಂದು ಮೆಲ್ಲಗೆ ನೋಡಿದಳು. ಆಮೇಲೆ ಕೆಟಲಿನ ಡ್ರಾಯರುಗಳನ್ನು ಬಿಟ್ಟು, ಛತ್ರಿಯ ಡ್ರಾಯರು ಎಳೆದು, ದಪ್ಪನೆಯ ಮರದ ಹಿಡಿಯೊಂದನ್ನು ತೆಗೆದಳು. ತಾನೇ ಸ್ಕ್ರೂ ತಿರುಗಿಸಿ ಕೂರಿಸಿದಳು. ಅಜ್ಜಿ ಕಣ್ಣು ಮುಚ್ಚಿ ಕೆಟಲನ್ನೆತ್ತಿ, ಬಗ್ಗಿಸಿ, ಮತ್ತೆ ಎತ್ತಿ, "ಅಯ್ಯೋ, ನನ್ನ ಕೈ ನನಗೆ ವಾಪಸ್ ಬಂತಲ್ಲೇ!" ಎಂದು ನಕ್ಕುಬಿಟ್ಟಳು. ಆ ದಿನ ಚಿಕ್ಕಮ್ಮ ಅಂಗಡಿಯಲ್ಲಿ ಓಡಾಡಿದ ರೀತಿ ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಈ ಕೆಲಸಕ್ಕೆ ಇವಳೇ ಸರಿ, ಆ ಬಾಯಿಗೆ ಒಂದು ಬೀಗ ಸಿಕ್ಕಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ.

ಯಜಮಾನರು ಮನೆಗೆ ಬರುವ ಮುಂಚಿನ ದಿನ ಅವರ ಮಗಳು ಬಂದಳು. ಬಿಗಿದ ಮುಖದವಳು ಬರುತ್ತಾಳೆಂದು ನಾನು ತೋಳೇರಿಸಿ ಕೂತಿದ್ದೆ. ಬಂದವಳು ಸುಸ್ತಾದ, ಒಳ್ಳೆಯ ಮಾತಿನ ಹೆಂಗಸು. ರಾತ್ರಿ ನಿದ್ದೆಯಿಲ್ಲದೆ ಆಸ್ಪತ್ರೆಯಲ್ಲಿ ಕೂತು ಬಂದಿದ್ದಳು. ಅವಳು ಒಂದು ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಅಂಗಡಿ ನಡೆಯುವುದನ್ನು ನೋಡಿದಳು. ನಾನು ಚಿಕ್ಕಮ್ಮನಿಗೆ ಕಣ್ಣಲ್ಲೇ ಬೆದರಿಕೆ ಹಾಕಿದ್ದೆ. ಚಿಕ್ಕಮ್ಮ ಪಾಪ, ತುಟಿ ಕಚ್ಚಿಕೊಂಡು ಎರಡು ವ್ಯಾಪಾರ ಚೆನ್ನಾಗಿಯೇ ಮಾಡಿದಳು. ಡ್ರಾಯರಿನ ಗುಂಡಿಗಳು ಒಂದು ಕಟ್ಟು, ಒಂದು ಛತ್ರಿಯ ಕೊಕ್ಕೆ. ಮಗಳು ತಲೆದೂಗುತ್ತಿದ್ದಳು. ನನ್ನ ಎದೆ ಹಗುರಾಯಿತು.

ಚಹಾ ಬಂತು. ಮಗಳು ಲೋಟ ಹಿಡಿದು ನಿಟ್ಟುಸಿರು ಬಿಟ್ಟಳು. "ನೀವು ಚೆನ್ನಾಗೇ ಮಾಡ್ತಿದೀರಿ ಅಕ್ಕ, ನಿಜ ಹೇಳ್ತೀನಿ" ಎಂದಳು. "ನನಗೇನು ಈ ಅಂಗಡಿ ಮೇಲೆ ದ್ವೇಷ ಇಲ್ಲ. ಅಪ್ಪನ ಔಷಧಿ, ನೋಡ್ಕೊಳ್ಳೋ ನರ್ಸು, ಎಲ್ಲಾನೂ ನಾನೊಬ್ಬಳೇ ಸಂಭಾಳಿಸಬೇಕು. ಈ ಜಾಗಕ್ಕೆ ಒಬ್ಬ ಒಳ್ಳೆ ಬಾಡಿಗೆದಾರ ಸಿಕ್ಕಿದ್ರೆ ನನ್ನ ತಲೆ ಮೇಲಿನ ಭಾರ ಇಳೀತಿತ್ತು. ಎಲ್ಲಿ ಹುಡುಕೋದು ಅಂತಾನೂ ನನಗೆ ಗೊತ್ತಿಲ್ಲ."

"ಅಯ್ಯೋ, ಅದಕ್ಯಾಕೆ ಯೋಚನೆ ಮಾಡ್ತೀರಾ!" ಎಂದಳು ಚಿಕ್ಕಮ್ಮ. "ಕನ್ನಡಕದವರಿಲ್ವಾ? ಪಾಪ, ಆ ಕತ್ತಲೆ ಮೆಟ್ಟಿಲು ಹತ್ತೋಕಾಗದೆ ಅವರ ಗಿರಾಕಿಗಳು ಕೆಳಗಿಂದಾನೇ ವಾಪಸ್ ಹೋಗ್ತಾರೆ. ಕೆಳಗಡೆ ಒಂದು ಮೂಲೆ ಅಂಗಡಿ ಸಿಕ್ಕಿದ್ರೆ ನಾಳೇನೇ ಬರ್ತೀನಿ ಅಂತಿದಾರೆ. ಬಹಳ ಒಳ್ಳೆಯವರು, ತಿಂಗಳು ತಿಂಗಳು ಸರಿಯಾಗಿ ಕೊಡ್ತಾರೆ. ಇಲ್ಲೇ, ಹಿಂದಿನ ಬೀದಿ. ಬನ್ನಿ, ನಾನೇ ಕರ್ಕೊಂಡು ಹೋಗ್ತೀನಿ."

ನನ್ನ ಕೈಯಲ್ಲಿದ್ದ ಚಹಾ ಮೈಮೇಲೆ ಚೆಲ್ಲಿತು. ಮಗಳು ಕಣ್ಣರಳಿಸಿ ಎದ್ದು ನಿಂತಿದ್ದಳು. ಚಿಕ್ಕಮ್ಮ ಆಗಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಒಂದು ಕಾಲಿಗೆ ಹಾಕಿಕೊಂಡು, ಇನ್ನೊಂದು ಕಾಲು ಗಾಳಿಯಲ್ಲಿರುವಾಗ ತಾನು ಮಾಡಿದ್ದು ಏನೆಂದು ಅವಳಿಗೆ ಹೊಳೆಯಿತು. ಮುಖ ಬಿಳಿಚಿಕೊಂಡಿತು. ಗೋಡೆ ಹಿಡಿದು ಒಂದು ಗಳಿಗೆ ನಿಂತಳು. ನಾನೇನು ಹೇಳುತ್ತೇನೋ ಎಂಬಂತೆ ನನ್ನನ್ನು ನೋಡಿದಳು. ಆಮೇಲೆ ಅವಳು ಇನ್ನೊಂದು ಚಪ್ಪಲಿಯನ್ನೂ ಹಾಕಿಕೊಂಡು, "ಬನ್ನಿ, ಮೆಟ್ಟಿಲ ಹತ್ರ ಹುಷಾರು" ಎಂದು ಮಗಳನ್ನು ಕರೆದುಕೊಂಡು ಹೋದಳು.

ಮನೆಗೆ ಹೋಗುವ ದಾರಿಯಲ್ಲಿ ನಾನು ಫುಟ್‌ಪಾತಿನ ಮೇಲೇ ಕೂಗಾಡಿದೆ. ಎಲ್ಲರೂ ತಿರುಗಿ ನೋಡಿದರು, ನೋಡಲಿ ಎಂದು ಇನ್ನೂ ಜೋರಾಗಿ ಕೂಗಾಡಿದೆ. "ನಿನಗೆ ಬುದ್ಧಿ ಇದೆಯಾ? ಕೈಯಾರೆ ಹಾಳು ಮಾಡ್ಕೊಂಡೆಯಲ್ಲ! ಅವಳಿಗೆ ಬಾಡಿಗೆದಾರ ಸಿಕ್ಕದಿದ್ರೆ ನಿನಗೇನಾಗ್ತಿತ್ತು? ನಿನಗೆ ಈ ಅಂಗಡಿ ಬೇಕಾಗೇ ಇರ್ಲಿಲ್ಲ ಅನ್ಸುತ್ತೆ. ಬರೀ ಆಟ!"

ಚಿಕ್ಕಮ್ಮ ನಡೆಯುವುದನ್ನು ನಿಲ್ಲಿಸಿದಳು. ಅವಳು ನಿಂತದ್ದು ಯಾವ ಅಂಗಡಿಯ ಮುಂದೆಯೂ ಅಲ್ಲ, ಬರೀ ಗೋಡೆಯ ಮುಂದೆ.

"ಬೇಕಿತ್ತು ಕಣೇ" ಎಂದಳು. "ತುಂಬಾ ಬೇಕಿತ್ತು. ಆದ್ರೆ ಅವಳು ಅಷ್ಟು ಕಷ್ಟದಲ್ಲಿ ಕೇಳಿದಾಗ ನನಗೆ ಅದು ನೆನಪೇ ಆಗ್ಲಿಲ್ಲ. ಆ ಕ್ಷಣಕ್ಕೆ ನಾನು ಅನ್ನೋಳು ಒಬ್ಬಳಿದೀನಿ ಅಂತಾನೇ ತಲೆಗೆ ಬರ್ಲಿಲ್ಲ."

ಅವಳ ಕಣ್ಣಲ್ಲಿ ನೀರು ಬಂತು. ಅವಳು ಅತ್ತದ್ದನ್ನು ಅದುವರೆಗೆ ನಾನು ನೋಡಿರಲಿಲ್ಲ. ಬೈಯುವುದನ್ನು ಬಿಟ್ಟು ಅವಳ ಚೀಲವನ್ನು ನಾನು ಹಿಡಿದುಕೊಂಡೆ. ಮನೆಯಲ್ಲಿ ಅಮ್ಮ ವಿಷಯ ಕೇಳಿ, "ಅಂದ್ಕೊಂಡೆ" ಎಂದಷ್ಟೇ ಹೇಳಿ, ತಂಗಿಯ ತಟ್ಟೆಗೆ ಅವಳು ಬೇಡಬೇಡವೆಂದರೂ ಇನ್ನಷ್ಟು ಬಡಿಸಿದಳು.

ಮಾರನೆಯ ದಿನ ಬೀಗದ ಕೈ ಕೊಟ್ಟು ಬರೋಣವೆಂದು ಇಬ್ಬರೂ ಅಂಗಡಿಗೆ ಹೋದೆವು. ಯಜಮಾನರು ಆಗಲೇ ಬಂದು ಬಾಗಿಲ ಬಳಿ ಕಾಲು ಚಾಚಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಆಸ್ಪತ್ರೆಯಿಂದ ನೇರ ಮನೆಗೆ ಹೋಗಬೇಕಾದವರು ಹಟ ಮಾಡಿ ಇಲ್ಲಿ ಇಳಿದಿದ್ದರಂತೆ. ಒಳಗೆ ಮಗಳೂ ಕನ್ನಡಕದವರೂ ಗೋಡೆಯಿಂದ ಗೋಡೆಗೆ ಟೇಪು ಹಿಡಿಯುತ್ತಿದ್ದರು. ಮಾತುಕತೆ ಮುಗಿದಿತ್ತು. ಜಾಗ ಕನ್ನಡಕದವರಿಗೆ.

"ನೀವೇ ಕಳಿಸಿದ್ದಂತೆ ಇವರನ್ನ?" ಎಂದರು ಯಜಮಾನರು.

"ಹೌದು" ಎಂದಳು ಚಿಕ್ಕಮ್ಮ, ತಲೆ ತಗ್ಗಿಸಿ. "ಕ್ಷಮಿಸಿ. ನಿಮ್ಮ ಹಿಡಿಕೆಗಳನ್ನ ಗುಜರಿಗೆ ಕಳಿಸಿದ ಹಾಗಾಯ್ತು."

ಯಜಮಾನರು ತಮ್ಮ ಗೋಡೆಯನ್ನು ನೋಡುತ್ತಾ ಕೂತರು. ಅವರಿಗೂ ಸಂಕಟವಾಗಿತ್ತು, ಕಾಣುತ್ತಿತ್ತು. ಕನ್ನಡಕದವರು ಟೇಪು ಸುತ್ತಿಕೊಂಡು ನಮ್ಮ ಬಳಿ ಬಂದರು. ಅವರು ಮೆತ್ತನೆಯ ಮನುಷ್ಯ, ಹಣೆಯ ಮೇಲೊಂದು ಕನ್ನಡಕ, ಮೂಗಿನ ಮೇಲೊಂದು ಕನ್ನಡಕ. "ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಅಕ್ಕ" ಎಂದರು. "ಇನ್ನು ನನ್ನ ಮೇಲಿನ ರೂಮೊಂದು ಖಾಲಿ ಬಿದ್ದಿರುತ್ತೆ. ಅದು ನಂದೇ ಸ್ವಂತದ್ದು, ಬಾಡಿಗೆ ಹೆಚ್ಚೇನೂ ಬೇಡ. ಅಂಗಡೀನ ಪ್ರೀತಿಯಿಂದ ನೋಡ್ಕೊಳ್ಳೋರು ಯಾರಾದ್ರೂ ಬಂದ್ರೆ ಸಾಕು." ಹೇಳಿ ಅವಳ ಮುಖವನ್ನೇ ನೋಡುತ್ತಾ ನಿಂತರು.

ಚಿಕ್ಕಮ್ಮನ ಮುಖ ಒಮ್ಮೆಲೇ ಅರಳಿತು. "ಅದಕ್ಕೇನಂತೆ! ಆ ಗೊಂಬೆ ರಿಪೇರಿ ಮಾಡೋಳು ಜಾಗ ಸಾಲದು ಅಂತ ಒದ್ದಾಡ್ತಿದಾಳೆ, ಅವಳಿಗೆ..."

ನಾನು ಅವಳ ಬಾಯಿ ಮುಚ್ಚಿದೆ. ಮಾತಿಗೆ ಹೇಳುವುದಲ್ಲ, ನಿಜವಾಗಿಯೂ ನನ್ನ ಅಂಗೈಯಿಂದ ಅವಳ ಬಾಯನ್ನು ಗಟ್ಟಿಯಾಗಿ ಮುಚ್ಚಿ ಹಿಡಿದುಕೊಂಡೆ. ಮಗಳು ಗಾಬರಿಯಾದಳು. ಚಿಕ್ಕಮ್ಮ ನನ್ನ ಕೈಯೊಳಗೇ ಏನೋ ಗೊಣಗುತ್ತಿದ್ದಳು.

"ಒಂದು ಮಾತಾಡಿದ್ರೆ ನೋಡು" ಎಂದೆ. ಆಮೇಲೆ ಕನ್ನಡಕದವರ ಕಡೆ ತಿರುಗಿದೆ. "ಆ ರೂಮು ನಮ್ಮ ಚಿಕ್ಕಮ್ಮನಿಗೆ. ಹಿಡಿಕೆಗಳೆಲ್ಲ ಅಲ್ಲಿಗೆ ಹೋಗ್ತವೆ. ಬೇರೆ ಯಾರಿಗೂ ಇಲ್ಲ."

"ನಾನು ಅವರನ್ನೇ ಕೇಳ್ತಿದ್ದದ್ದು" ಎಂದರು ಕನ್ನಡಕದವರು.

ಯಜಮಾನರು ಒಳ್ಳೆಯ ಕಾಲಿನ ತೊಡೆ ತಟ್ಟಿಕೊಂಡು ಗಹಗಹಿಸಿ ನಕ್ಕರು. ಮಗಳು ಮಾತ್ರ, "ಅಷ್ಟು ಮೆಟ್ಟಿಲು ಹತ್ತಿ ಹಿಡಿಕೆ ತಗೊಳ್ಳೋಕೆ ಯಾರು ಬರ್ತಾರಪ್ಪಾ?" ಎಂದು ಅನುಮಾನಿಸಿದಳು.

"ಬರ್ತಾರೆ ಬಿಡು" ಎಂದರು ಯಜಮಾನರು. "ಕನ್ನಡಕಕ್ಕೆ ಬರೋರಿಗೆ ಮೆಟ್ಟಿಲು ಕಾಣ್ತಿರ್ಲಿಲ್ಲ. ಹಿಡಿಕೆಗೆ ಬರೋರಿಗೆ ಕಣ್ಣು ಚೆನ್ನಾಗೇ ಇರುತ್ತೆ."

ನಾನು ಮೆಲ್ಲಗೆ ಕೈ ತೆಗೆದೆ. ಚಿಕ್ಕಮ್ಮ ನಮ್ಮೆಲ್ಲರ ಮುಖಗಳನ್ನು ಒಂದೊಂದಾಗಿ ನೋಡಿದಳು.

"ನನಗಾ?" ಎಂದಳು.

"ನಿಮಗೇ" ಎಂದರು ಕನ್ನಡಕದವರು.

ಅವಳು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತಳು. ಅಳುತ್ತಾಳೇನೋ ಎಂದು ನಾನು ಹತ್ತಿರ ಹೋದೆ. ಅಳಲಿಲ್ಲ. ಸಣ್ಣ ದನಿಯಲ್ಲಿ, ತನ್ನಷ್ಟಕ್ಕೇ ಹೇಳಿಕೊಳ್ಳುವಂತೆ ಶುರು ಮಾಡಿದಳು. "ಮರದ ಹಿಡಿಗಳನ್ನ ಕಿಟಕಿ ಹತ್ರ ಇಡಬಾರದು, ಮಧ್ಯಾಹ್ನದ ಬಿಸಿಲು ನೇರ ಬೀಳುತ್ತೆ, ಬಿರುಕು ಬಿಡುತ್ವೆ. ಅಲ್ಲಿ ಪಿಂಗಾಣಿಯವು. ಬಾಗಿಲ ಎಡಗಡೆ ಗೋಡೆ ಸ್ವಲ್ಪ ಒಳಗೆ ಹೋಗಿದೆ ನೋಡಿ, ಅಲ್ಲಿ ಈ ಡ್ರಾಯರುಗಳು ಸರಿಯಾಗಿ ಕೂರುತ್ವೆ. ಹತ್ತಿ ಬಂದೋರಿಗೆ ಮೊದಲು ಕುರ್ಚಿ ಬೇಕು, ಉಸಿರು ಸುಧಾರಿಸ್ಕೊಳ್ಳೋಕೆ. ಮೆಟ್ಟಿಲಲ್ಲಿ ಒಂದು ದೀಪ. ಪಕ್ಕದಲ್ಲಿ ಹಿಡ್ಕೊಂಡು ಹತ್ತೋಕೆ ಕಂಬಿ." ಕನ್ನಡಕದವರು ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ಅಷ್ಟು ವರ್ಷ ಆ ರೂಮಿನಲ್ಲಿ ಕೂತ ಅವರಿಗೇ ಅಲ್ಲಿನ ಗೋಡೆ ಒಳಗೆ ಹೋದದ್ದು ಗೊತ್ತಿರಲಿಲ್ಲ.

"ಇದನ್ನೆಲ್ಲ ಯಾವಾಗ ಯೋಚನೆ ಮಾಡಿದೆ ನೀನು?" ಎಂದೆ.

"ಯಾವತ್ತೋ" ಎಂದಳು ಚಿಕ್ಕಮ್ಮ. ನಾಚಿಕೊಂಡಿದ್ದಳು. "ಆ ರೂಮಿಗೆ ಮಾತ್ರ ಅಲ್ಲ ಕಣೇ. ಹೋದ ಹೋದ ಅಂಗಡಿಗೆಲ್ಲ ಯೋಚಿಸಿ ಇಟ್ಟಿದೀನಿ. ಯಾವುದು ಸಿಗುತ್ತೋ ಯಾರಿಗೆ ಗೊತ್ತು ಅಂತ."

ನಾನು ಮುಖ ಅತ್ತ ತಿರುಗಿಸಿಕೊಂಡು, ಪಿಂಗಾಣಿಯ ಗುಂಡಿಗಳಿದ್ದ ಡ್ರಾಯರನ್ನು ಗೋಡೆಯಿಂದ ಹೊರಗೆಳೆದೆ.

"ಅದು ಮೊದಲಲ್ಲ" ಎಂದಳು ಚಿಕ್ಕಮ್ಮ, ಸ್ಟೂಲಿನಿಂದ ಎದ್ದು. "ಮೊದಲು ಕುರ್ಚಿ."